ಕೊಬ್ಬಿನ ನಾಟಿ

ಒಟ್ಟಲಿನ ಪೈರನ್ನು ಹಿಡಿಗಟ್ಟಲೆ ಒಂದೇ ಕಡೆ ಒತ್ತಿದರೆ ಕೊಳೆಯುತ್ತದೆ. ಎರಡು ಮೂರರಂತೆ ಅಂತರವಿಟ್ಟು ನೆಟ್ಟರೆ ಬೇರೂರುತ್ತದೆ. ನಮ್ಮ ಬೆಳಕವಾಡಿಯ ರೈತರು ಬಲ್ಲ ಈ ಮಾತು, ಕುಳಿಬಿದ್ದ ಮುಖಕ್ಕೆ ಸ್ವಂತ ಮೈಯ ಕೊಬ್ಬನ್ನು ತುಂಬುವ ಶಸ್ತ್ರವೈದ್ಯಕ್ಕೂ ಸಲ್ಲುತ್ತದೆ.

ಸ್ಥಳ ಬದಲಿಸಿದ ಅಂಗಾಂಶ ಬದುಕಲು ರಕ್ತ ಬೇಕು. ಶ್ರೀರಂಗಪಟ್ಟಣದ ಮುತ್ತಿಗೆ ನಡೆದ 1792ರ ಯುದ್ಧದಲ್ಲಿ, ಇಂಗ್ಲಿಷ್ ಸೈನ್ಯದ ಎತ್ತು ಹೊಡೆಯುತ್ತಿದ್ದ ಕವಾಸ್‌ಜಿ ಎಂಬಾತನು ಟಿಪ್ಪುವಿನ ಸೆರೆಯಲ್ಲಿ ಮೂಗು ಕಳೆದುಕೊಂಡನು. ಪುಣೆಯ ಬಳಿಯ ಕುಶಲಿಯೊಬ್ಬನು ಹಣೆಯ ಚರ್ಮವನ್ನು ಬುಡ ಕಡಿಯದೆ ತಿರುಗಿಸಿ ಹೊಸ ಮೂಗು ಕಟ್ಟಿದನು. ಬುಡದಿಂದ ರಕ್ತ ಹರಿದು ಅದು ಉಳಿಯಿತು. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಈ ವೃತ್ತಾಂತವನ್ನು ಪ್ರಕಟಿಸಿತು.

ಕಸಿಮಾಡಿದ ಕೊಬ್ಬಿಗೆ ಅಂಥ ಬುಡವಿಲ್ಲ. 1893ರಲ್ಲಿ ತೋಳಿನ ಕೊಬ್ಬನ್ನು ಮುಖದ ಕುಳಿಗಿಟ್ಟ ಜರ್ಮನಿಯ ನಾಯ್ಬರನು, ಸಣ್ಣ ತುಣುಕುಗಳೇ ಮೇಲೆಂದು ಕಂಡುಕೊಂಡನು. ಇಂದು ಹೊಟ್ಟೆ ತೊಡೆಗಳಿಂದ ಹೀರಿದ ಕೊಬ್ಬನ್ನು ಸಣ್ಣ ನಳಿಕೆಯಿಂದ ಹನಿಹನಿಯಾಗಿ ಇಡುತ್ತಾರೆ. ರಕ್ತ ದೊರೆತ ಭಾಗ ಉಳಿಯುತ್ತದೆ. ಮಿಕ್ಕುದನ್ನು ಕೆಲವು ತಿಂಗಳಲ್ಲಿ ದೇಹವೇ ಕರಗಿಸಿಕೊಳ್ಳುತ್ತದೆ. ಆದುದರಿಂದ ಎರಡನೆಯ ಸಲವೂ ಬೇಕಾದೀತು.

ಸ್ವಂತ ಕೊಬ್ಬನ್ನು ದೇಹ ತಿರಸ್ಕರಿಸದು. ಆದರೆ ಬಾವು, ನಂಜು, ಗಂಟು ಉಂಟಾಗಬಹುದು. ಅಪರೂಪಕ್ಕೆ ಕೊಬ್ಬು ಅಪಧಮನಿಯನ್ನು ಹೊಕ್ಕು ಕಣ್ಣು ಹೋದದ್ದುಂಟು, ಪಾರ್ಶ್ವವಾಯು ಬಡಿದದ್ದುಂಟು. ಹುಬ್ಬುಗಳ ನಡುವೆಯೂ ಮೂಗಿನ ಮೇಲೂ ಈ ಭಯ ಹೆಚ್ಚು. ಮೊಂಡುತುದಿಯ ನಳಿಕೆ, ಮೆಲ್ಲನೆಯ ಕೈ, ಅಲ್ಪ ಪ್ರಮಾಣ, ಇವು ಅದನ್ನು ತಗ್ಗಿಸುತ್ತವೆ.

ನಿಮ್ಮ ಮನೆಯಲ್ಲಿ ಯಾರಾದರೂ ಈ ಚಿಕಿತ್ಸೆಯನ್ನು ಯೋಚಿಸಿದ್ದರೆ, ಸೌಂದರ್ಯದ ಅಂಗಡಿಗೆ ಹೋಗದೆ ತರಬೇತಾದ ಪ್ಲಾಸ್ಟಿಕ್ ಸರ್ಜನರಲ್ಲಿಗೆ ಹೋಗಿರಿ. ಎಷ್ಟು ಉಳಿದೀತು, ಕಣ್ಣಿಗೆ ತೊಂದರೆಯಾದರೆ ತಕ್ಷಣ ಏನು ಮಾಡುವಿರಿ ಎಂದು ಮೊದಲೇ ಕೇಳಿರಿ.