ಮನೆಯ ಕಂಪ್ಯೂಟರಿನ ಹೆಸರು ಯಾರ ಲೆಕ್ಕದಲ್ಲಿರುತ್ತದೆ?

ಪ್ರಶ್ನೆ: ಮನೆಯ ವೈಫೈನಲ್ಲಿ ಲ್ಯಾಪ್‌ಟಾಪ್, ಪ್ರಿಂಟರ್ ಒಂದನ್ನೊಂದು ಹೆಸರು ಹಿಡಿದು ಹುಡುಕಿಕೊಳ್ಳುತ್ತವೆ. ಆ ಹೆಸರುಗಳ ಪಟ್ಟಿ ಎಲ್ಲಿದೆ?

ಉತ್ತರ: ಬಹುತೇಕ ಮನೆಗಳಲ್ಲಿ ಅಂಥ ಪಟ್ಟಿಯೇ ಇರುವುದಿಲ್ಲ. ಜಾಲತಾಣಗಳ ಹೆಸರನ್ನು ಐಪಿ ವಿಳಾಸವಾಗಿ ಬಿಡಿಸಿ ಹೇಳಲು 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ ಡಿಎನ್‌ಎಸ್ ಇದೆ. ಆದರೆ ನಿಮ್ಮ ಪ್ರಿಂಟರ್ ಹೊರಜಗತ್ತಿನ ಡಿಎನ್‌ಎಸ್‌ಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ಮನೆಯೊಳಗೆ ನಡೆಯುವುದು ಊಟದ ಪಂಕ್ತಿಯಲ್ಲಿ ಹೆಸರು ಕೂಗಿ ಕರೆದಂತೆ. ಲ್ಯಾಪ್‌ಟಾಪ್ 224.0.0.251 ಎಂಬ ಗುಂಪು ವಿಳಾಸಕ್ಕೆ, 5353ನೇ ಪೋರ್ಟಿನಲ್ಲಿ, 'ಈ ಹೆಸರಿನವರು ಯಾರು?' ಎಂದು ಕೇಳುತ್ತದೆ. ಆ ಹೆಸರಿನ ಯಂತ್ರ ಮಾತ್ರ ತನ್ನ ವಿಳಾಸ ತಿಳಿಸುತ್ತದೆ. ಇದೇ ಮಲ್ಟಿಕಾಸ್ಟ್ ಡಿಎನ್‌ಎಸ್. ಇದರ ಹೆಸರುಗಳು '.ಲೋಕಲ್' ಎಂದು ಮುಗಿಯುತ್ತವೆ. ಆಪಲ್ ಇದನ್ನು 2002ರಲ್ಲೇ ಬಳಕೆಗೆ ತಂದಿತು, ಅಧಿಕೃತ ಮಾನಕ 2013ರಲ್ಲಿ ಬಂತು. ಲಿನಕ್ಸ್‌ನಲ್ಲಿ ಈ ಕೆಲಸವನ್ನು ಹೆಚ್ಚಾಗಿ ಅವಾಹಿ ಎಂಬ ತಂತ್ರಾಂಶ ಮಾಡುತ್ತದೆ. ಎರಡು ಯಂತ್ರಗಳಿಗೆ ಒಂದೇ ಹೆಸರಿದ್ದರೆ? ತಡವಾಗಿ ಬಂದದ್ದು ಸಾಮಾನ್ಯವಾಗಿ ತನ್ನ ಹೆಸರಿನ ಕೊನೆಗೆ 2 ಸೇರಿಸಿಕೊಳ್ಳುತ್ತದೆ. ಮೇಲ್ವಿಚಾರಕನಿಲ್ಲದೆ ಇಷ್ಟು ಅಚ್ಚುಕಟ್ಟಾಗಿ ನಡೆಯುವ ಏರ್ಪಾಟು ನನಗೆ ನಿಜಕ್ಕೂ ಮೆಚ್ಚುಗೆ.

ಕೆಲವು ರೌಟರ್‌ಗಳು ತಾವು ಹಂಚಿದ ವಿಳಾಸಗಳ ಜತೆ ಹೆಸರನ್ನೂ ನೆನಪಿಡುತ್ತವೆ. ಅಲ್ಲಿ ಪಟ್ಟಿ ಸಿಗುತ್ತದೆ. ಕಂಪ್ಯೂಟರಿನಲ್ಲೇ ಇರುವ ಹೋಸ್ಟ್ಸ್ ಎಂಬ ಕಡತದಲ್ಲಿ ಹೆಸರು, ವಿಳಾಸಗಳನ್ನು ಕೈಯಾರೆ ಬರೆಯುವುದೂ ಉಂಟು, ಆದರೆ ವಿಳಾಸ ಬದಲಾದರೆ ಅದು ಕೆಲಸಕ್ಕೆ ಬಾರದು.

ಪ್ರಿಂಟರ್ ದಿಢೀರನೆ ಕಾಣೆಯಾದರೆ, ಲ್ಯಾಪ್‌ಟಾಪ್ ಅತಿಥಿಗಳ ವೈಫೈಗೆ ಸೇರಿಕೊಂಡಿದೆಯೇ ಎಂದು ಮೊದಲು ನೋಡಿ. ಹೆಸರು ಕೂಗುವ ಆ ಕರೆ ಸಾಮಾನ್ಯವಾಗಿ ಅಲ್ಲಿಂದ ಈಚೆಗೆ ದಾಟುವುದಿಲ್ಲ.