ನಿಮಗಿದು ಗೊತ್ತೇ? ಫ್ರೆಂಚರ ಅಪರೂಪದ ಅಡ್ಡಹೆಸರುಗಳು

ಬಡಿಗೇರ, ಕಂಬಾರ, ಮೆಣಸಿನಕಾಯಿ ಎಂಬ ಅಡ್ಡಹೆಸರುಗಳನ್ನು ಕೇಳಿ ಬೆಳೆದ ಉತ್ತರ ಕರ್ನಾಟಕದವರಿಗೆ ಫ್ರೆಂಚರ ಮನೆತನದ ಹೆಸರುಗಳು ಅಷ್ಟೇನೂ ವಿಚಿತ್ರವೆನಿಸಲಾರವು. ಅಲ್ಲಿಯೂ ಕಸುಬು, ಊರು, ತಲೆಗೂದಲು, ಗೇಲಿ ಎಲ್ಲವೂ ಹೆಸರಾಗಿವೆ. ಕೆಲವು ಲಕ್ಷಗಟ್ಟಲೆ ಜನರಿಗಿವೆ, ಕೆಲವು ಒಂದೆರಡು ಮನೆಗಳಲ್ಲಷ್ಟೇ ಉಳಿದಿವೆ. ಅಪರೂಪದ ಹೆಸರೆಂದರೆ ದೊಡ್ಡ ವಂಶವಿರಬೇಕು ಎಂದುಕೊಳ್ಳಬೇಡಿ. ಗುಮಾಸ್ತನ ಲೇಖನಿ, ಯುದ್ಧ, ವಲಸೆ ಮತ್ತು ಬರೀ ಅದೃಷ್ಟ ಸೇರಿ ಮಾಡಿದ ಕೆಲಸ ಅದು. ಓದಿ ನೋಡಿ.

★ ಫ್ರಾನ್ಸಿನಲ್ಲಿ ಅತಿ ಹೆಚ್ಚು ಜನರಿಗಿರುವ ಮನೆತನದ ಹೆಸರು ಮಾರ್ಟಿನ್. ಎರಡು ಲಕ್ಷಕ್ಕೂ ಹೆಚ್ಚು ಮಂದಿ ಈ ಹೆಸರಿನವರು. 4ನೇ ಶತಮಾನದ ಸಂತ, ತೂರ್ ನಗರದ ಬಿಷಪ್ ಮಾರ್ಟಿನ್ ಅವರ ಹೆಸರನ್ನು ಮಕ್ಕಳಿಗೆ ಇಡುತ್ತಾ ಇಡುತ್ತಾ ಅದೇ ಮನೆತನದ ಹೆಸರೂ ಆಯಿತು. ಆ ಸಂತ ಹುಟ್ಟಿದ್ದು ಮಾತ್ರ ಫ್ರಾನ್ಸಿನಲ್ಲಲ್ಲ, ಇಂದಿನ ಹಂಗರಿಯಲ್ಲಿ.

★ 1891ರಿಂದ 1990ರವರೆಗೆ ಫ್ರಾನ್ಸಿನಲ್ಲಿ ಹುಟ್ಟಿದವರ ದಾಖಲೆಗಳಲ್ಲಿ ಸುಮಾರು 13 ಲಕ್ಷ ಬೇರೆ ಬೇರೆ ಮನೆತನದ ಹೆಸರುಗಳಿವೆ. ಬಹುಪಾಲು ಹೆಸರುಗಳು ಬೆರಳೆಣಿಕೆಯ ಮನೆಗಳವು. ಅಂದರೆ ಆ ದೇಶದಲ್ಲಿ ಅಪರೂಪದ ಹೆಸರೇ ಮಾಮೂಲು, ಮಾರ್ಟಿನ್‌ನಂಥದ್ದೇ ಅಪವಾದ.

★ ಈ ಲೆಕ್ಕ ಇಡುವುದು ಫ್ರಾನ್ಸಿನ ರಾಷ್ಟ್ರೀಯ ಅಂಕಿಅಂಶ ಸಂಸ್ಥೆ ‘ಇನ್ಸೀ’. 1891ರಿಂದ 2000ದವರೆಗಿನ ಅವಧಿಯಲ್ಲಿ 30 ಜನನಗಳನ್ನೂ ಕಾಣದ ಹೆಸರುಗಳನ್ನು ಅದು ಬಿಡಿಯಾಗಿ ಪ್ರಕಟಿಸುವುದಿಲ್ಲ. ಎಲ್ಲವನ್ನೂ ‘ಇತರ ಹೆಸರುಗಳು’ ಎಂಬ ಒಂದೇ ಸಾಲಿಗೆ ತುಂಬುತ್ತದೆ.

★ ಈ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ಇವು ಇಂದು ಬದುಕಿರುವವರ ಎಣಿಕೆಯಲ್ಲ, ಜನನಗಳ ಎಣಿಕೆ. ಅದೂ ಫ್ರಾನ್ಸಿನಲ್ಲಿ ಆದ ಜನನಗಳದ್ದು ಮಾತ್ರ. ಜೊತೆಗೆ, ಮೂಲ ದಾಖಲೆ ರೂಪುಗೊಂಡದ್ದೇ 1940ರ ದಶಕದಲ್ಲಿ. ಅದಕ್ಕೂ ಮುಂಚೆ ತೀರಿಕೊಂಡವರು, ಉದಾಹರಣೆಗೆ ಮೊದಲ ಮಹಾಯುದ್ಧದಲ್ಲಿ ಮಡಿದ ಯುವಕರು, ಇದರಲ್ಲಿ ಸಿಗುವುದಿಲ್ಲ. ಹಾಗಾಗಿ ‘1910ರ ಸುಮಾರಿಗೆ ಈ ಹೆಸರಿನವರು ಹತ್ತೇ ಮಂದಿ ಹುಟ್ಟಿದ್ದರು’ ಎಂದು ಪಟ್ಟಿ ಹೇಳಿದರೆ ನಿಜವಾದ ಸಂಖ್ಯೆ ಅದಕ್ಕಿಂತ ಹೆಚ್ಚಿರುವ ಸಾಧ್ಯತೆಯೇ ಹೆಚ್ಚು.

★ ಹೆಸರುಗಳು ಕಾಗದಕ್ಕೆ ಅಂಟಿಕೊಂಡದ್ದು 1539ರ ನಂತರ. ರಾಜ ಮೊದಲನೆಯ ಫ್ರಾನ್ಸ್ವಾ ಆ ವರ್ಷ ವಿಲ್ಲೆರ್-ಕೊತ್ರೆಯಲ್ಲಿ ಹೊರಡಿಸಿದ ಶಾಸನದ ಪ್ರಕಾರ ಪ್ರತಿ ಚರ್ಚಿನ ಪಾದ್ರಿಯೂ ದೀಕ್ಷಾಸ್ನಾನದ ದಾಖಲೆ ಇಡಬೇಕಾಯಿತು. 1579ರಲ್ಲಿ ಮದುವೆ ಮತ್ತು ಶವಸಂಸ್ಕಾರದ ದಾಖಲೆಯೂ ಕಡ್ಡಾಯವಾಯಿತು. ಕ್ರಾಂತಿಯ ಕಾಲದಲ್ಲಿ, 1792ರ ಸೆಪ್ಟೆಂಬರ್ 20ರ ಕಾನೂನಿನಿಂದ, ರಿಜಿಸ್ಟರುಗಳು ಪಾದ್ರಿಯ ಕೈಯಿಂದ ಪುರಸಭೆಗೆ ಬಂದವು.

★ ಪಾದ್ರಿ ಕಿವಿಗೆ ಬಿದ್ದಂತೆ ಬರೆದ, ಊರವರಲ್ಲಿ ಬಹುತೇಕರಿಗೆ ಓದು ಬರುತ್ತಿರಲಿಲ್ಲ. ಒಬ್ಬನೇ ತಂದೆಯ ಮೂವರು ಮಕ್ಕಳ ಹೆಸರು ಮೂರು ಕಾಗುಣಿತದಲ್ಲಿ ದಾಖಲಾಗುತ್ತಿದ್ದುದು ಮಾಮೂಲಾಗಿತ್ತು. ಇಂದಿನ ಎಷ್ಟೋ ‘ಅತಿ ಅಪರೂಪ’ದ ಹೆಸರುಗಳು ಸಾಮಾನ್ಯ ಹೆಸರೊಂದರ ತಪ್ಪು ಕಾಗುಣಿತಗಳಷ್ಟೇ.

★ ಇದಕ್ಕೆ ಒಳ್ಳೆಯ ನಿದರ್ಶನ ‘ಕಮ್ಮಾರ’ ಎಂಬರ್ಥದ ಹೆಸರು. ಲ್ಯಾಟಿನ್ನಿನ ‘ಫಾಬರ್’ನಿಂದ ಹುಟ್ಟಿ ದಕ್ಷಿಣದಲ್ಲಿ ಫಾಬ್ರ್, ಫೋರ್ ಆಯಿತು. ಉತ್ತರದಲ್ಲಿ ಲೆಫೆವ್ರ್ ಆಯಿತು. ಲ್ಯಾಟಿನ್ ಬಲ್ಲ ಬರಹಗಾರರು ಮೂಲದ ನೆನಪಿಗೆ ನಡುವೆ ಒಂದು ‘ಬಿ’ ಅಕ್ಷರ ಸೇರಿಸಿದರು, ಅದನ್ನು ಯಾರೂ ಉಚ್ಚರಿಸುವುದಿಲ್ಲ. ಹಳೆಯ ಬರಹದಲ್ಲಿ ‘ಯು’ ಮತ್ತು ‘ವಿ’ ಒಂದೇ ರೀತಿ ಕಾಣುತ್ತಿದ್ದುದರಿಂದ ಕೆಲವರು ಅದನ್ನು ಲೆಫೆಬ್ಯೂರ್ ಎಂದು ಓದಿದರು. ಹೀಗೆ ಇನ್ನೊಂದು ಹೆಸರು ಹುಟ್ಟಿತು. ಬ್ರಿಟನಿಯ ಲ ಗಾಫ್, ಅಲ್ಸಾಸಿನ ಶ್ಮಿಟ್ ಕೂಡ ಕಮ್ಮಾರರೇ. ಇವರನ್ನೆಲ್ಲ ಒಟ್ಟುಗೂಡಿಸಿದರೆ ಮಾರ್ಟಿನ್‌ರ ಮೊದಲ ಸ್ಥಾನ ಹೋಗುತ್ತದೆ.

★ 1794ರ ಆಗಸ್ಟ್ 23ರ ಕಾನೂನು ಜನನ ಪತ್ರದಲ್ಲಿರುವ ಹೆಸರನ್ನು ಬಿಟ್ಟು ಬೇರೆ ಹೆಸರು ಧರಿಸಬಾರದೆಂದು ಹೇಳಿತು. ಇದರ ಫಲ ಇಂದಿಗೂ ಇದೆ: ಫ್ರಾನ್ಸಿನಲ್ಲಿ ಮದುವೆಯಾದ ಹೆಣ್ಣಿನ ಕಾನೂನುಬದ್ಧ ಹೆಸರು ಕೊನೆಯವರೆಗೂ ತವರಿನದೇ. ಗಂಡನ ಹೆಸರನ್ನು ಆಕೆ ಬಳಸಬಹುದು, ಅಷ್ಟೇ. ಈಗ ಗಂಡನೂ ಹೆಂಡತಿಯ ಹೆಸರನ್ನು ಹಾಗೆ ಬಳಸಬಹುದು.

★ ಮನೆತನದ ಹೆಸರುಗಳು ಏಕೆ ಅಳಿಯುತ್ತವೆ? ಈ ಪ್ರಶ್ನೆಗೆ 1845ರಲ್ಲೇ ಗಣಿತದ ಉತ್ತರ ಕೊಟ್ಟವನು ಫ್ರೆಂಚ್ ಸಂಖ್ಯಾಶಾಸ್ತ್ರಜ್ಞ ಇರೆನೆ-ಜೂಲ್ ಬಿಯನೆಮೆ. ಅವನ ಮನೆತನದ ಹೆಸರೂ ಅಪರೂಪದ್ದೇ, ‘ಚೆನ್ನಾಗಿ ಪ್ರೀತಿಸಲ್ಪಟ್ಟವನು’ ಎಂದು ಅದರ ಅರ್ಥ. ಅವನ ತರ್ಕ ಸರಳ. ಹೆಸರು ಗಂಡುಮಕ್ಕಳಿಂದಲೇ ಮುಂದುವರಿಯುವುದಾದರೆ, ಮುಂದಿನ ತಲೆಮಾರಿಗೆ ಹೆಸರು ದಾಟಿಸುವ ಗಂಡುಮಕ್ಕಳು ಸರಾಸರಿ ಒಬ್ಬನಿಗೆ ಒಬ್ಬನಿಗಿಂತ ಕಡಿಮೆಯಿದ್ದರೆ ಹೆಸರು ಅಳಿಯುವುದು ಖಚಿತ. ಸರಾಸರಿ ಸರಿಯಾಗಿ ಒಂದೇ ಇದ್ದರೂ ಅಷ್ಟೆ: ಒಂದು ಮನೆಯಲ್ಲಿ ಮೂವರು, ಪಕ್ಕದ ಎರಡು ಮನೆಗಳಲ್ಲಿ ಒಬ್ಬನೂ ಇಲ್ಲ ಎಂಬಂಥ ಏರುಪೇರಿನಿಂದಲೇ ಇಂದಲ್ಲ ನಾಳೆ ಹೆಸರು ಮುಗಿಯುತ್ತದೆ. ಸರಾಸರಿ ಒಂದನ್ನು ದಾಟಿದರಷ್ಟೇ ಉಳಿಯುವ ಅವಕಾಶ. ಆಗಲೂ ಗ್ಯಾರಂಟಿಯಿಲ್ಲ.

★ ಬಿಯನೆಮೆಯ ಬರಹ ಮರೆತುಹೋಯಿತು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1873ರಲ್ಲಿ ಇದೇ ಪ್ರಶ್ನೆಯನ್ನು ಪತ್ರಿಕೆಯಲ್ಲಿ ಕೇಳಿದ, ಹೆನ್ರಿ ವಾಟ್ಸನ್ ಎಂಬ ಪಾದ್ರಿ ಉತ್ತರಿಸಿದ. ಆದರೆ ಎಲ್ಲ ಹೆಸರುಗಳೂ ಅಳಿದೇ ತೀರುತ್ತವೆ ಎಂದು ವಾಟ್ಸನ್ ಎಡವಿದ. ಸರಿಯಾದ ಉತ್ತರ ಫ್ರೆಂಚನದೇ ಎಂದು ಗಣಿತ ಲೋಕ ಗುರುತಿಸಿದ್ದು 1970ರ ದಶಕದಲ್ಲಿ. ಇದೇ ಗಣಿತದಿಂದ ಇಂದು ಪರಮಾಣು ಸರಪಳಿ ಕ್ರಿಯೆಯನ್ನೂ ಸಾಂಕ್ರಾಮಿಕ ರೋಗ ಹರಡುವ ಬಗೆಯನ್ನೂ ಲೆಕ್ಕಹಾಕುತ್ತಾರೆ. ಕೋವಿಡ್ ಕಾಲದಲ್ಲಿ ‘ಆರ್ ಸಂಖ್ಯೆ (ಒಬ್ಬ ರೋಗಿಯಿಂದ ಸೋಂಕು ತಗಲುವವರ ಸರಾಸರಿ) ಒಂದಕ್ಕಿಂತ ಕೆಳಗಿಳಿಯಬೇಕು’ ಎಂದು ದಿನಾ ಕೇಳಿದ್ದೆವಲ್ಲ, ಅಲ್ಲಿ ಅಳಿಯಬೇಕಾದದ್ದು ವೈರಸ್, ಇಲ್ಲಿ ಅಳಿಯುವುದು ಹೆಸರು.

★ ಫ್ರಾನ್ಸಿನ ಮಹಾ ನಾಟಕಕಾರ ಮೊಲಿಯೇರ್‌ನ ನಿಜವಾದ ಮನೆತನದ ಹೆಸರು ಪೊಕೆಲೆನ್. ಅವನ ಮಕ್ಕಳಲ್ಲಿ ಬದುಕುಳಿದದ್ದು ಒಬ್ಬಳೇ ಮಗಳು. ಆಕೆ 1723ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಳು. ಅಲ್ಲಿಗೆ ಅವನ ನೇರ ವಂಶ ಮುಗಿಯಿತು.

★ ಮೊದಲ ಮಹಾಯುದ್ಧದಲ್ಲಿ ಎಷ್ಟೋ ಮನೆಗಳ ಕೊನೆಯ ಗಂಡುಮಗ ಸತ್ತ. ಅದಕ್ಕೆಂದೇ 1923ರ ಜುಲೈ 2ರಂದು ಒಂದು ಕಾನೂನು ಬಂತು. ದೇಶಕ್ಕಾಗಿ ಮಡಿದವನು ತನ್ನ ಮನೆತನದ ಕೊನೆಯ ಗಂಡಾಗಿದ್ದರೆ, ಹತ್ತಿರದ ಸಂಬಂಧಿಕರು ಆ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡು ಉಳಿಸಬಹುದು.

★ ಅಳಿದ ಹೆಸರನ್ನು ಎತ್ತಿಕೊಂಡ ಪ್ರಸಿದ್ಧರೂ ಇದ್ದಾರೆ. 1974ರಿಂದ 1981ರವರೆಗೆ ರಾಷ್ಟ್ರಪತಿಯಾಗಿದ್ದ ವಾಲೆರಿ ಜಿಸ್ಕಾರ್ ದೆಸ್ತೆಂಗ್ ಅವರ ತಂದೆ ಹುಟ್ಟಿದಾಗ ಬರೀ ಜಿಸ್ಕಾರ್. ‘ದೆಸ್ತೆಂಗ್’ ಸೇರಿದ್ದು 1922ರಲ್ಲಿ, ಸರ್ಕಾರದ ಅನುಮತಿಯಿಂದ. ಮೂಲ ದೆಸ್ತೆಂಗ್ ವಂಶದ ಪ್ರಸಿದ್ಧ ನೌಕಾಧಿಪತಿ 1794ರಲ್ಲಿ ಗಿಲೊಟಿನ್‌ಗೆ ತಲೆಕೊಟ್ಟಿದ್ದ. ಅವನು ಯುವಕನಾಗಿದ್ದಾಗ ಮದರಾಸಿನ ಮುತ್ತಿಗೆಯಲ್ಲಿ ಇಂಗ್ಲಿಷರ ಸೆರೆಯಾಗಿದ್ದವನು.

★ ಮನೆತನದ ಹೆಸರಿನ ಮುಂದೆ ‘ದ’ ಇದ್ದರೆ ಕುಲೀನರು ಎಂಬ ನಂಬಿಕೆ ತಪ್ಪು. ಕಾದಂಬರಿಕಾರ ಒನೊರೆ ದ ಬಾಲ್ಜಾಕ್‌ನ ತಂದೆ ರೈತರ ಮಗ, ಹುಟ್ಟುಹೆಸರು ಬಾಲ್ಸಾ. ಅದನ್ನು ಬಾಲ್ಜಾಕ್ ಮಾಡಿದ್ದು ಅಪ್ಪ, ಮುಂದೆ ‘ದ’ ಅಂಟಿಸಿದ್ದು ಮಗ.

★ 1717ರ ನವೆಂಬರಿನಲ್ಲಿ ಪ್ಯಾರಿಸ್ಸಿನ ಸೇಂಟ್ ಜಾನ್ ಲ ರೋಂ ಚರ್ಚಿನ ಮೆಟ್ಟಿಲ ಮೇಲೆ ಒಂದು ಹಸುಗೂಸು ಸಿಕ್ಕಿತು. ಚರ್ಚಿನ ಹೆಸರನ್ನೇ ಮಗುವಿಗಿಟ್ಟರು: ಜಾನ್ ಲ ರೋಂ. ಗಾಜಿನ ಕೆಲಸದವನ ಹೆಂಡತಿ ಸಾಕಿ ಬೆಳೆಸಿದಳು. ದಾಲೆಂಬೇರ್ ಎಂಬ ಹೆಸರು ಸೇರಿದ್ದು ನಂತರ. ಆ ಮಗುವೇ ಮುಂದೆ ದೊಡ್ಡ ಗಣಿತಜ್ಞನಾಗಿ, ದಿದೆರೋ ಜೊತೆ ಫ್ರೆಂಚ್ ವಿಶ್ವಕೋಶದ ಸಂಪಾದಕನಾದ.

★ ನೆರಳುಚಿತ್ರಕ್ಕೆ ‘ಸಿಲ್ಹೌಟ್’ ಎನ್ನುತ್ತೇವೆ. ಅದು 1759ರಲ್ಲಿ ಸುಮಾರು ಎಂಟೇ ತಿಂಗಳು ಹಣಕಾಸು ಮಂತ್ರಿಯಾಗಿದ್ದ ಎತಿಯೆನ್ ದ ಸಿಲುಯೆತ್‌ನ ಮನೆತನದ ಹೆಸರು. ಅದರ ಬೇರು ಫ್ರೆಂಚ್ ಅಲ್ಲ, ಬಾಸ್ಕ್ ಭಾಷೆ. ರಂಧ್ರ ಅಥವಾ ಗುಹೆಗಳಿರುವ ಜಾಗ ಎಂಬುದು ಮೂಲಾರ್ಥ. ಅವನ ಜಿಪುಣ ತೆರಿಗೆ ನೀತಿಯನ್ನು ಹಂಗಿಸಲು ಅಗ್ಗದ, ಅರೆಬರೆ ಸರಕಿಗೆಲ್ಲ ಜನ ಅವನ ಹೆಸರಿಟ್ಟರು. ನೆರಳುಚಿತ್ರವೂ ಅಗ್ಗದ್ದೇ ತಾನೆ!

★ ಪ್ಯಾರಿಸ್ಸಿನ ಆಡಳಿತಾಧಿಕಾರಿ ಯೂಜೆನ್ ಪುಬೆಲ್ ಕಸವನ್ನು ಮುಚ್ಚಳವಿರುವ ಡಬ್ಬಿಗಳಲ್ಲಿಡಲು ಆದೇಶಿಸಿ, 1884ರಲ್ಲಿ ಜಾರಿಗೆ ತಂದ. ಕೊಳೆಯುವ ಕಸಕ್ಕೊಂದು, ಕಾಗದ-ಚಿಂದಿಗೊಂದು, ಗಾಜು-ಪಿಂಗಾಣಿ-ಚಿಪ್ಪುಗಳಿಗೊಂದು. ಬೆಂಗಳೂರಿನ ಹಸಿಕಸ-ಒಣಕಸದ ಜಗಳ ಅಲ್ಲಿ ಆಗಲೇ ನಡೆದಿತ್ತು! ಸಿಟ್ಟಿಗೆದ್ದ ಮನೆ ಮಾಲೀಕರು, ಪತ್ರಿಕೆಗಳು ಡಬ್ಬಿಗೆ ಅವನ ಹೆಸರನ್ನೇ ಕಟ್ಟಿದರು. ಫ್ರೆಂಚಿನಲ್ಲಿ ಇಂದಿಗೂ ಕಸದ ಡಬ್ಬಿಗೆ ‘ಪುಬೆಲ್’ ಎಂದೇ ಹೆಸರು.

★ ಕೆಲವು ಅಪರೂಪದ ಮನೆತನದ ಹೆಸರುಗಳು ನಮ್ಮ ತೋಟಗಳಲ್ಲೇ ಇವೆ. ಕಾಗದದ ಹೂವೆಂದು ನಾವು ಕರೆಯುವ ಬೋಗನ್‌ವಿಲ್ಲಾ, 1766-69ರಲ್ಲಿ ಭೂಮಿ ಸುತ್ತಿದ ನಾವಿಕ ಬುಗೆನ್ವಿಲ್‌ನ ಹೆಸರು. ಮ್ಯಾಗ್ನೋಲಿಯಾ ಮೊಂಪೆಲಿಯೆಯ ಸಸ್ಯವಿಜ್ಞಾನಿ ಪಿಯೇರ್ ಮಾನ್ಯೋಲ್‌ನದು. ಬೆಗೋನಿಯಾ ರಾಜಾಧಿಕಾರಿ ಮಿಷೆಲ್ ಬೆಗೊನ್‌ನದು.

★ ಧರ್ಮಸುಧಾರಕ ಜಾನ್ ಕ್ಯಾಲ್ವಿನ್ ಹುಟ್ಟಿದ್ದು ಕೊವೆನ್ ಎಂಬ ಹೆಸರಿನಲ್ಲಿ. ಅದು ‘ಶೊವೆನ್’ ಎಂಬ ಹೆಸರಿನ ಉತ್ತರ ಫ್ರಾನ್ಸಿನ ರೂಪ. ಎರಡರ ಮೂಲವೂ ‘ಬೋಳುತಲೆಯವನು’ ಎಂದೇ.

★ ಊರಿನಿಂದ ಮನೆತನಕ್ಕೆ ಹೆಸರು ಬರುವುದು ರೂಢಿ. ಇಲ್ಲೊಂದು ತಿರುವುಮುರುವು: ತತ್ತ್ವಜ್ಞಾನಿ ರೆನೆ ದೆಕಾರ್ತ್ ಹುಟ್ಟಿದ ಲಾ ಹೇ ಎಂಬ ಊರು 1967ರಿಂದ ‘ದೆಕಾರ್ತ್’ ಎಂದೇ ಕರೆಸಿಕೊಳ್ಳುತ್ತಿದೆ.

★ ಹುಟ್ಟಿದ ನೆಲದಲ್ಲಿ ವಿರಳ, ಹೊರನಾಡಿನಲ್ಲಿ ನಂಬರ್ ಒನ್: ಅದು ತ್ರಾಂಬ್ಲೆ. ನಡುಗುವ ಎಲೆಗಳ ಆಸ್ಪೆನ್ ಮರಗಳ ತೋಪು ಎಂದರ್ಥ. ಪರ್ಶ್ ಪ್ರಾಂತ್ಯದ ಪಿಯೇರ್ ತ್ರಾಂಬ್ಲೆ 1647ರಲ್ಲಿ ಕೆನಡಾಕ್ಕೆ ಕೂಲಿಯಾಳಾಗಿ ಹೋದ, 1657ರಲ್ಲಿ ಮದುವೆಯಾದ, 12 ಮಕ್ಕಳಾದವು. ಇಂದು ಕ್ಯೂಬೆಕ್‌ನಲ್ಲಿ ನೂರಕ್ಕೆ ಒಬ್ಬರು ತ್ರಾಂಬ್ಲೆಗಳು, ಅವರ ಮೂಲಪುರುಷ ಇವನೇ. ಬಿಯನೆಮೆಯ ಲೆಕ್ಕದಲ್ಲಿ ಗೆದ್ದ ಮನೆ ಇದು.

★ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಜನ ಗಂಟಲು ಹರಿದುಕೊಂಡು ಕೂಗಿದ ದಕ್ಷಿಣ ಆಫ್ರಿಕಾದ ಕ್ರಿಕೆಟಿಗರಾದ ‘ಎಬಿಡಿ’ (ದ ವಿಲಿಯೆ) ಮತ್ತು ‘ಫಾಫ್’ (ದು ಪ್ಲೆಸಿ) ಇಬ್ಬರದೂ ಫ್ರೆಂಚ್ ಮನೆತನದ ಹೆಸರುಗಳೇ! ರಾಜ 14ನೇ ಲೂಯಿ 1685ರಲ್ಲಿ ಪ್ರಾಟೆಸ್ಟಂಟರ ಹಕ್ಕು ಕಿತ್ತುಕೊಂಡಾಗ ಸಾವಿರಾರು ಮಂದಿ ದೇಶ ಬಿಟ್ಟರು. ಕೆಲವರು ಡಚ್ಚರ ಹಡಗು ಹತ್ತಿ ದಕ್ಷಿಣ ಆಫ್ರಿಕಾ ಸೇರಿದರು. 1688ರಲ್ಲಿ ದು ಪ್ಲೆಸಿ, 1689ರಲ್ಲಿ ಮೂವರು ದ ವಿಲಿಯೆ ಸೋದರರು. ಆ ಮೂವರಲ್ಲಿ ಒಬ್ಬನ ಹೆಸರು ಅಬ್ರಹಾಂ. ಎಬಿಯ ‘ಎ’ ಕೂಡ ಅಬ್ರಹಾಮೇ. ಇನ್ನು ದು ಪ್ಲೆಸಿ ಎಂಬುದು ಫ್ರಾನ್ಸಿನ ಪ್ರಸಿದ್ಧ ಮಂತ್ರಿ ಕಾರ್ಡಿನಲ್ ರಿಶೆಲ್ಯೂನ ಮನೆತನದ ಹೆಸರೂ ಹೌದು.

★ ಮೈಸೂರು ಸೀಮೆಯವರು ‘ದೊಡ್ಡಸ್ವಾಮಿ’ ಎಂದು ಕರೆಯುತ್ತಿದ್ದ ಪಾದ್ರಿ ಅಬ್ಬೆ ದ್ಯುಬುವಾ (1765-1848) ಇಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದವನು, ನಮ್ಮ ಜನರ ಆಚಾರ-ಪದ್ಧತಿಗಳ ಬಗ್ಗೆ ದೊಡ್ಡ ಪುಸ್ತಕ ಬರೆದವನು. ಅವನ ಮನೆತನದ ಹೆಸರಿಗೆ ‘ಕಾಡಿನವನು’ ಎಂದರ್ಥ. ಇದು ಮಾತ್ರ ಅಪರೂಪದ್ದಲ್ಲ, ಫ್ರಾನ್ಸಿನ ಅತಿ ಸಾಮಾನ್ಯ ಹೆಸರುಗಳಲ್ಲೊಂದು.

★ ಪಾಂಡಿಚೇರಿಯಲ್ಲಿ 1881ರ ಸೆಪ್ಟೆಂಬರ್ 21ರ ಆದೇಶದಂತೆ, ಜಾತಿ-ಧರ್ಮದ ವೈಯಕ್ತಿಕ ಕಾನೂನು ಬಿಟ್ಟು ಫ್ರೆಂಚ್ ನಾಗರಿಕ ಸಂಹಿತೆಗೆ ಒಳಪಡುವ ಭಾರತೀಯರು ಒಂದು ಮನೆತನದ ಹೆಸರು ಆರಿಸಿಕೊಳ್ಳಬೇಕಿತ್ತು. ವಕೀಲ ಪೊನ್ನುತಂಬಿ ಪಿಳ್ಳೈ ಆರಿಸಿದ್ದು ‘ಲಾಪೋರ್ತ್’, ಅಂದರೆ ಬಾಗಿಲು.

★ ಫ್ರೆಂಚ್ ವಸಾಹತುಗಳಲ್ಲಿ 1848ರಲ್ಲಿ ಗುಲಾಮಗಿರಿ ರದ್ದಾಯಿತು. ರೀಯೂನಿಯನ್ ದ್ವೀಪವೊಂದರಲ್ಲೇ ಬಿಡುಗಡೆಯಾದ ಸುಮಾರು 60 ಸಾವಿರ ಜನರಿಗೆ ಮನೆತನದ ಹೆಸರು ಬೇಕಾಯಿತು. ಬಿಳಿಯ ಮಾಲೀಕರ ಹೆಸರು ಇಡುವಂತಿರಲಿಲ್ಲ. ಗುಮಾಸ್ತರು ಅಕ್ಷರಗಳನ್ನು ಹಿಂದುಮುಂದು ಮಾಡಿ, ಕೆಲವೊಮ್ಮೆ ಗೇಲಿ ಮಾಡಿಯೂ ಹೆಸರು ಹೊಸೆದರು. ಬೇರೆಲ್ಲೂ ಸಿಗದ ಎಷ್ಟೋ ಹೆಸರುಗಳು ಅಲ್ಲಿ ಹುಟ್ಟಿದ್ದು ಹೀಗೆ.

★ ‘ಕೊಶೋನ್’ ಎಂದರೆ ಹಂದಿ, ‘ಕೊಕ್ಯು’ ಎಂದರೆ ಹೆಂಡತಿ ಕೈಕೊಟ್ಟ ಗಂಡ. ಇವೂ ಮನೆತನದ ಹೆಸರುಗಳೇ. ಇಂಥ ಹೆಸರು ಬೇಡವೆಂದರೆ ಕಾನೂನು ಸಚಿವಾಲಯಕ್ಕೆ ಅರ್ಜಿ ಹಾಕಬೇಕು, ಬದಲಾವಣೆ ಗೆಜೆಟ್‌ನಲ್ಲಿ ಪ್ರಕಟವಾದ ಮೇಲೂ ತಕರಾರಿಗೆ ಎರಡು ತಿಂಗಳ ಗಡುವು. ಅಳಿವಿನಂಚಿನ ಪೂರ್ವಿಕರ ಹೆಸರನ್ನು ಉಳಿಸುವುದೂ ಅರ್ಜಿಗೆ ಒಪ್ಪುವ ಕಾರಣ.

★ 2005ರ ಜನವರಿ 1ರಿಂದ ಮಗುವಿಗೆ ತಂದೆಯ ಹೆಸರು, ತಾಯಿಯ ಹೆಸರು ಅಥವಾ ಎರಡನ್ನೂ ಇಡಬಹುದು. ಜೋಡಿ ಹೆಸರುಗಳ ನಡುವೆ ಎರಡು ಅಡ್ಡಗೆರೆ ಹಾಕಬೇಕೆಂದು ಅಧಿಕಾರಿಗಳು ಹಟ ಹಿಡಿದರು. 2009ರ ಡಿಸೆಂಬರಿನಲ್ಲಿ ಉನ್ನತ ಆಡಳಿತ ನ್ಯಾಯಾಲಯ ಆ ಗೆರೆಗಳನ್ನು ಅಳಿಸಿತು. 2022ರ ಜುಲೈ 1ರಿಂದ ವಯಸ್ಕರು ಜೀವನದಲ್ಲಿ ಒಮ್ಮೆ, ಕಾರಣ ಕೊಡದೆಯೇ, ಪುರಸಭೆಯಲ್ಲಿ ತಾಯಿಯ ಹೆಸರಿಗೆ ಬದಲಾಯಿಸಿಕೊಳ್ಳಬಹುದು. ಗಂಡುಮಕ್ಕಳಿಂದಲೇ ಹೆಸರು ಉಳಿಯಬೇಕೆಂಬ ಹಳೆಯ ಲೆಕ್ಕಕ್ಕೆ ಈಗ ತಾಯಂದಿರೂ ಸೇರಿದ್ದಾರೆ.

★ ಕೊನೆಯದಾಗಿ: ಫ್ರಾನ್ಸಿನಲ್ಲಿ 75 ವರ್ಷ ದಾಟಿದ ಜನನ, ಮದುವೆ ದಾಖಲೆಗಳನ್ನು ಯಾರು ಬೇಕಾದರೂ ನೋಡಬಹುದು. ಜಿಲ್ಲಾ ಪತ್ರಾಗಾರಗಳು ಹಳೆಯ ರಿಜಿಸ್ಟರುಗಳನ್ನು ಪುಟಪುಟವಾಗಿ ಅಂತರ್ಜಾಲಕ್ಕೆ ಏರಿಸಿವೆ, ಕಲಬುರಗಿಯಲ್ಲಿ ಕುಳಿತೂ ತೆರೆಯಬಹುದು. ತನ್ನ ಹೆಸರು ಅಪರೂಪದ್ದು, ಆದ್ದರಿಂದ ತನ್ನ ವಂಶ ದೊಡ್ಡದು ಎಂದು ಯಾರಾದರೂ ಹೇಳಿದರೆ ಒಪ್ಪುವ ಮೊದಲು ಆ ರಿಜಿಸ್ಟರ್ ತೆಗೆದು ಮೂರು ತಲೆಮಾರಿನ ಕಾಗುಣಿತ ನೋಡಿ. ಬಹಳಷ್ಟು ಸಲ ಸಿಗುವುದು ರಾಜನಲ್ಲ, ಕಿವಿ ಮಂದವಾಗಿದ್ದ ಒಬ್ಬ ಪಾದ್ರಿ!