ಹಳೆಯ ಜೀಪಿನ ಹೆಡ್ ಗ್ಯಾಸ್ಕೆಟ್: ಮನೆಯಲ್ಲೇ ಬದಲಿಸುವವರಿಗೆ

ಮಳೆ ಹಿಂದೆಗೆದು ಕೊಯ್ಲು ಇನ್ನೂ ಶುರುವಾಗದ ದಿನಗಳಲ್ಲಿ ಸಂಘದ ಕಛೇರಿಗೆ ಬರುವ ಸದಸ್ಯರಲ್ಲಿ ಒಬ್ಬಿಬ್ಬರಾದರೂ ಜೀಪಿನ ಹೆಡ್ ಗ್ಯಾಸ್ಕೆಟ್ ವಿಚಾರ ಎತ್ತುವುದುಂಟು. ಕಾಫಿ ಹಣ್ಣು ಕೊಯ್ದ ದಿನವೇ ಪಲ್ಪರ್ ಸೇರಬೇಕು. ಆಗ ಜೀಪು ಏರಿನಲ್ಲಿ ಹಬೆ ಬಿಟ್ಟು ನಿಂತರೆ ಆಗುವ ನಷ್ಟ ಗ್ಯಾಸ್ಕೆಟಿನ ಬೆಲೆಗಿಂತ ಎಷ್ಟೋ ದೊಡ್ಡದು. ಆದುದರಿಂದ ನಾನು ಸ್ವತಃ ಮಾಡಿ ಕಲಿತಷ್ಟನ್ನು ಇಲ್ಲಿ ತಿಳಿಸುತ್ತೇನೆ.

ನನ್ನದು ಮಹೀಂದ್ರ ಸಿ.ಜೆ. 3ಬಿ ಪೆಟ್ರೋಲ್ ಜೀಪು. ಬೀದರ ಜಿಲ್ಲೆ ಭಾಲ್ಕಿ ತಾಲೂಕಿನ ಭಾತಂಬ್ರಾದಿಂದ ಕೊಂಡು ತಂದದ್ದು. ಅಲ್ಲಿ ತೊಗರಿ ಹೊಲಕ್ಕೂ ಭಾಲ್ಕಿ ಪೇಟೆಗೂ ತಂಟೆಯಿಲ್ಲದೆ ಓಡಾಡಿಕೊಂಡಿತ್ತು. ನಮ್ಮ ಮಲೆನಾಡಿನ ಏರಿನಲ್ಲಿ ಚೀಲ ಹೇರಿ ಎರಡನೇ ಗೇರಿನಲ್ಲಿ ಹತ್ತಿಸತೊಡಗಿದ ತಿಂಗಳೊಳಗೆ ಗ್ಯಾಸ್ಕೆಟ್ ಹೋಯಿತು. ಒಂದು ವರ್ಕ್‌ಷಾಪಿನಲ್ಲಿ ಹೊಸತು ಹಾಕಿಸಿದೆ; ಎರಡು ತಿಂಗಳಿಗೆ ಅದೂ ಹೋಯಿತು. ಮೂರನೆಯದನ್ನು ನಾನೇ ಹಾಕಲು ಹೆಡ್ ಬಿಚ್ಚಿದಾಗ ಕಂಡದ್ದೇನೆಂದರೆ, ನೀರಿನ ದಾರಿಗಳಲ್ಲೆಲ್ಲ ಸುಣ್ಣದಂತಹ ಗಟ್ಟಿ ಪದರ. ವರ್ಷಗಟ್ಟಲೆ ಬೋರ್‌ವೆಲ್ಲಿನ ಗಡಸು ನೀರು ಕುಡಿದ ಎಂಜಿನ್ ಅದು. ಬಯಲಿನ ಹಗುರ ಓಟದಲ್ಲಿ ಕಾಣಿಸದ ಬಿಸಿ ನಮ್ಮ ಏರಿನಲ್ಲಿ ಹೊರಬಿತ್ತು. ರೋಗ ಒಳಗೇ ಇರುವಾಗ ಬರೀ ಗ್ಯಾಸ್ಕೆಟ್ ಬದಲಿಸಿ ಏನು ಬಂತು? ತಂತಿಯಿಂದ ಕೆದಕಿ, ಹೋಸಿನಿಂದ ತೊಳೆದು, ರೇಡಿಯೇಟರನ್ನು ಶುದ್ಧಿ ಮಾಡಿಸಿ ಆಮೇಲೆ ಹೆಡ್ ಕೂರಿಸಿದೆ. ಈಗ ಹಾಕುವುದು ಮಳೆನೀರು ಮತ್ತು ಕೂಲೆಂಟ್.

ಮೊದಲು ಗ್ಯಾಸ್ಕೆಟೇ ಹೋಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಎಂಜಿನ್ ಚಾಲೂ ಮಾಡಿದರೆ ನಿಲ್ಲದೆ ಗುಳ್ಳೆ ಬರುವುದು, ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಕಂಪ್ರೆಷನ್ ಬೀಳುವುದು, ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಬೆರೆಸಿದಂತಾಗುವುದು, ಇವು ಲಕ್ಷಣಗಳು. ಆಯಿಲ್ ಮುಚ್ಚಳದ ಒಳಗೆ ಮಾತ್ರ ತುಸು ಬಿಳಿ ಕೆನೆ ಕಂಡರೆ ಗಾಬರಿ ಬೇಡ. ಮಳೆಗಾಲದಲ್ಲಿ ಗೇಟಿನವರೆಗಷ್ಟೇ ಓಡುವ ಜೀಪುಗಳಲ್ಲಿ ತೇವದಿಂದಲೂ ಅದು ಕಟ್ಟುತ್ತದೆ.

ಇನ್ನು ಬಿಚ್ಚುವ ಕೆಲಸ. ಈ ಎಂಜಿನ್ನಿನಲ್ಲಿ ಗಾಳಿ ಒಳಬಿಡುವ ವಾಲ್ವುಗಳು ಹೆಡ್ಡಿನಲ್ಲಿವೆ, ಹೊಗೆ ಬಿಡುವವು ಕೆಳಗೆ ಬ್ಲಾಕಿನಲ್ಲಿವೆ. ಹೀಗೆ ಎಂಜಿನ್ ಎತ್ತರವಾದುದರಿಂದಲೇ 1953ರಲ್ಲಿ ವಿಲ್ಲಿಸ್ ಕಂಪನಿ ಈ ಮಾದರಿಗೆ ಎತ್ತರದ ಬಾನೆಟ್ ಇಟ್ಟದ್ದು. ಬ್ಯಾಟರಿ ತಂತಿ ಕಳಚಿ, ರೇಡಿಯೇಟರಿನ ನೀರನ್ನಲ್ಲದೆ ಬ್ಲಾಕಿನ ನೀರನ್ನೂ ಇಳಿಸಿ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೊ ಇರಲಿ. ನಾಲ್ಕು ಪುಶ್‌ರಾಡುಗಳನ್ನು ರಟ್ಟಿಗೆ ತೂತು ಮಾಡಿ ಕ್ರಮವಾಗಿ ಚುಚ್ಚಿಡಿ.

ಎಲ್ಲ ಬೋಲ್ಟ್ ತೆಗೆದರೂ ಹೆಡ್ ಮೇಲೇಳುತ್ತಿಲ್ಲವೇ? ದಯವಿಟ್ಟು ಸಬ್ಬಲು ತರಬೇಡಿ. ಒಂದು ಬೋಲ್ಟ್ ಕಾರ್ಬ್ಯುರೇಟರಿನ ಅಡಿಯಲ್ಲಿ, ಹೆಡ್ಡಿನ ಗಾಳಿಯ ಬಾಯೊಳಗೆ ಅಡಗಿ ಕೂತಿರುತ್ತದೆ. ಕಾರ್ಬ್ಯುರೇಟರ್ ತೆಗೆದು ಇಣುಕಿದರೆ ಕಾಣುತ್ತದೆ. ಇದನ್ನರಿಯದೆ ಮೀಟಿ ಹೆಡ್ಡಿನ ಮೈ ಗಾಯ ಮಾಡಿದವರಿದ್ದಾರೆ. ನಾನೂ ಅರ್ಧ ದಿನ ಮೀಟಿದವನೇ.

ಹಳೆಯ ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುವ ಸಂಭವವಿದೆ. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಒಣಗಿದ್ದಾಗ ಕೆರೆಯಬಾರದು, ಗಾಳಿ ಹೊಡೆಯಬಾರದು, ಎಮೆರಿ ಚಕ್ರ ಹಿಡಿಯಲೇಬಾರದು. ನೀರು ಚಿಮುಕಿಸಿ, ಮುಖಕ್ಕೆ ಧೂಳು ತಡೆಯುವ ಒಳ್ಳೆಯ ಮಾಸ್ಕ್ ಹಾಕಿ, ಮೊಂಡು ಅಲಗಿನಿಂದ ಎಬ್ಬಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.

ಬಳಿಕ ಹೆಡ್ಡಿನ ಮೇಲೆ ಉಕ್ಕಿನ ನೇರಪಟ್ಟಿ ಉದ್ದಕ್ಕೂ ಅಡ್ಡಕ್ಕೂ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಿ. ಒಂದು ಅಂಗುಲದ ಸಾವಿರದಲ್ಲಿ ನಾಲ್ಕು ಭಾಗದ ಎಲೆ ನುಸುಳಿದರೆ ನಾನು ಹೆಡ್ಡನ್ನು ಸಾಣೆ ಹಿಡಿಸಲು ಕಳುಹಿಸುತ್ತೇನೆ. ಬೋಲ್ಟಿನ ಕುಳಿಗಳಲ್ಲಿ ನೀರು ಅಥವಾ ಆಯಿಲ್ ನಿಂತಿರಕೂಡದು. ಬಿಗಿಯುವಾಗ ಅದು ಒತ್ತಿ ಬ್ಲಾಕನ್ನೇ ಸೀಳಬಲ್ಲದು.

ಬಿಗಿಯುವುದು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಕೊನೆಗೆ 60ರಿಂದ 70 ಅಡಿ-ಪೌಂಡ್. ಒಳಗಿನ ಬೋಲ್ಟಿಗೂ ಅಷ್ಟೇ. ಕೈಯಂದಾಜು ಇಲ್ಲಿ ನಡೆಯದು. ಆಮೇಲೆ ಎಂಜಿನ್ ಬಿಸಿಯಾಗಿ ಪೂರ್ತಿ ತಣಿದ ಮೇಲೆ ಇನ್ನೊಮ್ಮೆ ಬಿಗಿ ನೋಡಬೇಕು; ಕಾರ್ಬ್ಯುರೇಟರನ್ನು ಮತ್ತೆ ಇಳಿಸುವ ಬೇಸರಕ್ಕೆ ಒಳಗಿನ ಬೋಲ್ಟನ್ನು ಬಿಡುವವರೇ ಹೆಚ್ಚು. ವಾಲ್ವಿನ ಸಂದು ತಣ್ಣಗಿರುವಾಗ ಮೇಲಿನದಕ್ಕೆ 0.018 ಅಂಗುಲ, ಕೆಳಗಿನದಕ್ಕೆ 0.016. ಡೀಸೆಲ್ ಜೀಪುಗಳಿಗೆ ಈ ಅಳತೆ ಯಾವುದೂ ಹೊಂದದು. ಅವರವರ ಗಾಡಿಯ ಕೈಪಿಡಿ ನೋಡಬೇಕು.

ನೀರು ಬೆರೆತ ಹಳೆಯ ಆಯಿಲನ್ನು ತೋಟದ ಕಪ್ಪಿಗೆ ಸುರಿಯದೆ ಡಬ್ಬಿಯಲ್ಲಿ ತುಂಬಿಡಿ. ಟಾರ್ಕ್ ಸ್ಪ್ಯಾನರ್ ಇಲ್ಲದವರು ಸಂಘದ ಗೋದಾಮಿನಿಂದ ರಶೀದಿ ಹಾಕಿ ಎರಡು ದಿನಕ್ಕೆ ಒಯ್ಯಬಹುದು. ಹಿಂದಿರುಗಿಸುವಾಗ ಅದರ ತಿರುಪನ್ನು ಅತಿ ಕಡಿಮೆ ಅಂಕಿಗೆ ತಿರುಗಿಸಿ ಕೊಡತಕ್ಕದ್ದು.